ಊರಿಗೆಲ್ಲ ಒಂದೇ ಕೀಲಿ

ಎಲ್ಲ ರಾದ್ಧಾಂತಕ್ಕೂ ಮೂಲ ಕೀಬೋರ್ಡಿನ ಒಂದು ಬಾಣ. ಮೇಲಕ್ಕೆ ಮುಖ ಮಾಡಿಕೊಂಡಿರುವ, ಉಗುರಿನಷ್ಟಗಲದ ಬಾಣ. ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿದ್ದರೆ ಮೆಸೇಜಪ್ಪ ಇವತ್ತಿಗೂ ಮೆಟ್ಟಿಲಿನ ಕೆಳಗೆ ನೆಮ್ಮದಿಯಾಗಿ ಕೂತಿರುತ್ತಿದ್ದ.

ನೀರು ಸರಬರಾಜು ಕಚೇರಿಯ ಸಂದೇಶ ವಿಭಾಗವೆಂದರೆ ದೊಡ್ಡದೇನಲ್ಲ. ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗೆ ಹಲಗೆ ಅಡ್ಡ ಹಾಕಿ ಮಾಡಿದ ಗೂಡು. ಅದರೊಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಹಳೇ ಕಂಪ್ಯೂಟರ್, ಊರಿಗೆ ಮೆಸೇಜು ಕಳಿಸಿ ಕಳಿಸಿ ಆ ಹೆಸರೇ ಅಂಟಿಕೊಂಡ ಮೆಸೇಜಪ್ಪ. ಆ ಕಂಪ್ಯೂಟರಿನಲ್ಲಿ ಇದ್ದದ್ದೂ ಒಂದೇ ಒಂದು ಕಪ್ಪು ಪರದೆ. ಮೌಸು, ಚಿತ್ರ, ಬಣ್ಣ ಯಾವುದರ ಹಂಗೂ ಅದಕ್ಕಿಲ್ಲ. ಒಂದು ಸಾಲು ಆಜ್ಞೆ ಟೈಪು ಮಾಡಿ ಎಂಟರ್ ಒತ್ತಬೇಕು. ಸರಿಯಾಗಿ ಬರೆದರೆ ಊರಿನ ಮನೆಮನೆಯ ಫೋನಿಗೂ ಕಚೇರಿಯ ಸಂದೇಶ ಹೋಗುತ್ತದೆ. ಒಂದಕ್ಷರ ತಪ್ಪಿದರೆ ಅತ್ತೆಯ ಹಾಗೆ ಮುಖ ಗಂಟು ಹಾಕಿಕೊಂಡು, ಏನು ತಪ್ಪು ಅಂತಲೂ ಹೇಳದೆ ಕೂತುಬಿಡುತ್ತದೆ. ದಿನಾ ಅದೇ ಉದ್ದದ ಸಾಲುಗಳನ್ನು ಬರೆಯುವ ಕಷ್ಟ ತಪ್ಪಿಸಲಿಕ್ಕೆ ಇದ್ದ ಉಪಾಯವೇ ಆ ಮೇಲ್ಬಾಣ. ಅದನ್ನು ಒತ್ತಿದರೆ ಹಿಂದೆ ಬರೆದ ಸಾಲು ತಾನಾಗಿ ಬಂದು ನಿಲ್ಲುತ್ತಿತ್ತು.

ಆ ಬೆಳಿಗ್ಗೆ ಮೆಸೇಜಪ್ಪ ಒತ್ತಿದರೆ ಸಾಲು ಬರಲಿಲ್ಲ. ಅದರ ಬದಲು ಟೋಪಿಯಂಥದೊಂದು ಗುರುತು, ಜೊತೆಗೆ ಎರಡು ಚೌಕ ಕಂಸ, ಕೊನೆಗೊಂದು ಇಂಗ್ಲಿಷಿನ ಎ ಬಂದವು. ಮತ್ತೆ ಒತ್ತಿದ. ಮತ್ತೊಂದು ಟೋಪಿ ಬಂತು.

ಮೆಸೇಜಪ್ಪನ ಎದೆ ಧಸಕ್ಕೆಂದಿತು. ಅದು ಧಸಕ್ಕೆನ್ನಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಹೆಡ್ ಕ್ಲರ್ಕ್ ಕೆಮ್ಮಿದರೆ, ತಾನು ಫ್ಯಾನು ಜೋರಾಗಿ ಹಾಕಿದ್ದಕ್ಕೇ ಅವರಿಗೆ ಶೀತವಾಯಿತೇನೋ ಅಂತ ಹೆದರುವ ಪ್ರಾಣಿ ಅದು. ಆದರೆ ಇವತ್ತು ಹೆದರಿಕೆಗೆ ನಿಜವಾದ ಕಾರಣವೂ ಇತ್ತು. ವರ್ಷಗಟ್ಟಲೆ ಅವನು ಹಂಗಾಮಿ ನೌಕರ. ಮಧ್ಯಾಹ್ನ ಕೇಂದ್ರ ಕಚೇರಿಯಿಂದ ದೊಡ್ಡ ಮೇಡಂ ಬರುವವರಿದ್ದರು. ಸಂದೇಶ ವಿಭಾಗದ ಕೆಲಸ ನೋಡಿ ಅವನ ಕೆಲಸ ಖಾಯಂ ಮಾಡುವುದೋ ಬಿಡುವುದೋ ಅಂತ ಇವತ್ತೇ ತೀರ್ಮಾನ. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಹೆದರ್ಕೊಂಡು ಏನೇನೋ ಬಡಬಡಿಸ್ಬೇಡಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಅಂದಿದ್ದಳು. ಬಾಡಿಗೆ ಮನೆಯ ಯಜಮಾನನಿಗೂ, ತವರಿಗೂ, ಎದುರುಮನೆಯವರಿಗೂ ನಾಳೆಯಿಂದ ನಮ್ಮನೆಯವರು ಖಾಯಂ ಅಂತ ಅವಳು ಆಗಲೇ ಸಾರಿಯಾಗಿತ್ತು.

ಹಿಂದಿನ ದಿನ ರಿಪೇರಿಯವನು ಬಂದು ಏನೋ ಹೊಸತು ಹಾಕಿ ಹೋಗಿದ್ದ. ಬಾಣ ಕೆಟ್ಟದ್ದು ಅದರಿಂದಲೇ. ಫೋನು ಮಾಡಿದರೆ ಅವನು ಎತ್ತಲಿಲ್ಲ. ಮೆಸೇಜಪ್ಪ ದೇವರ ಮೇಲೆ ಭಾರ ಹಾಕಿ ಆ ಕಪ್ಪು ಪರದೆಯ ಹೊಟ್ಟೆಯೊಳಗೆ ಕೈ ಹಾಕಿದ. ಹುಡುಕಿ ಹುಡುಕಿ ಒಂದು ಫೈಲು ಸಿಕ್ಕಿತು. ಯಾವ ಕೀಲಿ ಒತ್ತಿದರೆ ಏನಾಗಬೇಕು ಅನ್ನುವುದೆಲ್ಲ ಅದರಲ್ಲಿ, ಕೀಲಿಗೊಂದು ಸಾಲಿನಂತೆ. ಮೇಲ್ಬಾಣದ ಸಾಲು ಇರಲಿಲ್ಲ. ಅವನು ಕೆಳಬಾಣದ ಸಾಲನ್ನೇ ನೋಡಿಕೊಂಡು ಇನ್ನೊಂದು ಸಾಲು ಬರೆದ. ಕಣ್ಣು ಮುಚ್ಚಿಕೊಂಡು ಬಾಣ ಒತ್ತಿ, ಒಂದು ಕಣ್ಣು ತೆರೆದು ನೋಡಿದ. ನಿನ್ನೆಯ ಸಾಲು ಬಂದು ನಿಂತಿತ್ತು.

ಅವನು ಜನ್ಮದಲ್ಲಿ ಸರಿ ಮಾಡಿದ ಮೊದಲ ವಸ್ತು ಅದು. ಮನೆಯಲ್ಲಿ ಬಲ್ಬು ಬದಲಿಸುವವಳೂ ಹೆಂಡತಿಯೇ. ಹಾಗಾಗಿ ಸಂತೋಷ ತಲೆಗೇರಿತು. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ಸುಮ್ಮನಿರಲಾರದವರು ಇರುವೆ ಬಿಟ್ಟುಕೊಂಡರಂತೆ. ದಿನಾ ತಾನು ಮಾಡುವ ಕೆಲಸವನ್ನೇ ಒಂದು ಕೀಲಿಗೆ ಕಟ್ಟಿದರೆ ಹೇಗೆ ಅನ್ನಿಸಿತು. ಕಚೇರಿ ಸಿದ್ಧಪಡಿಸಿಟ್ಟ ಮಾದರಿ ಸಂದೇಶಗಳಿದ್ದವು, ಒಂದೊಂದಕ್ಕೂ ಒಂದು ನಂಬರು. ಬೇಕಾದ್ದನ್ನು ಪರದೆಯ ಮೇಲೆ ತಂದು ನೋಡಿ, ಆಮೇಲೆ ಊರಿಗೆಲ್ಲ ಕಳಿಸುವ ಉದ್ದದ ಸಾಲು ಬರೆಯಬೇಕು. ಇನ್ನು ಮೇಲೆ ಪರದೆಯಲ್ಲಿರುವ ಸಂದೇಶ ಕಂಟ್ರೋಲ್ ಜೊತೆ ಒಂದು ಅಕ್ಷರ ಒತ್ತಿದರೆ ಊರಿಗೆಲ್ಲ ಹೋಗಬೇಕು. ಯಾವ ಅಕ್ಷರ? ಆ ಫೈಲಿನಲ್ಲಿ ವಿ ಖಾಲಿ ಬಿದ್ದಿತ್ತು. ವಿ ಇಟ್ಟ.

ಪರೀಕ್ಷೆಗೆ ಮೊದಲನೆ ನಂಬರಿನ ಸಂದೇಶ ತಂದು ಕಂಟ್ರೋಲ್ ವಿ ಒತ್ತಿದ. 'ನೀರು ಅಮೂಲ್ಯ, ಹನಿ ಹನಿ ಉಳಿಸಿ' ಅನ್ನುವ ಹಿತವಚನ ಊರಿನ ಮನೆಮನೆಗೂ ಹರಿಯಿತು. ಮೆಸೇಜಪ್ಪ ಮೈಮರೆತು ಸಿಳ್ಳೆ ಹಾಕಿದ.

ಸರ್ಕಾರಿ ಕಚೇರಿಯಲ್ಲಿ ಬೆಳಿಗ್ಗೆ ಸಿಳ್ಳೆ ಕೇಳಿಸಿದರೆ ಜನ ಬಾರದೆ ಇರುತ್ತಾರೆಯೇ? ಮೊದಲು ಬಂದವನು ಪೈಪು ನಲ್ಲಿಗಳ ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಕೀಪರ್. ಇಡೀ ಕಚೇರಿಗೆ ಕಂಪ್ಯೂಟರ್ ಅದೊಂದೇ ಆದ್ದರಿಂದ ಎಲ್ಲರೂ ಸರದಿಯ ಮೇಲೆ ಅದರಲ್ಲೇ ಕೆಲಸ ಮಾಡುವುದು.

"ಏನೋ ಮಾಡಿದಂಗಿದೆ?"

"ಏನಿಲ್ಲ ಸಾರ್, ಶಾರ್ಟ್‌ಕಟ್ಟು" ಅಂದ ಮೆಸೇಜಪ್ಪ, ಗದರಿಕೆಗೆ ಕಾದು ಕುತ್ತಿಗೆ ಒಳಗೆಳೆದುಕೊಂಡು.

ಸ್ಟೋರ್ ಕೀಪರ್ ಗದರಲಿಲ್ಲ. ಆಚೀಚೆ ನೋಡಿ ದನಿ ತಗ್ಗಿಸಿದ. "ನನಗೊಂದು ಮಾಡ್ಕೊಡಪ್ಪ. ನಾನು ಇಲ್ಲಿ ಕೂತು ಸ್ವಲ್ಪ... ಕ್ರಿಕೆಟ್ಟು ಸ್ಕೋರು ಅದೂ ಇದೂ ನೋಡ್ತಿರ್ತೀನಿ. ಯಾರಾದ್ರೂ ಬಂದ ತಕ್ಷಣ ಪರದೆ ಖಾಲಿ ಆಗ್ಬೇಕು. ನಡೀತಿರೋದು ನಡೀತಾನೇ ಇರ್ಲಿ, ಕಾಣಬಾರದು ಅಷ್ಟೇ."

ಆಗುವುದಿಲ್ಲ ಅನ್ನುವ ಮಾತು ಮೆಸೇಜಪ್ಪನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಬರೆದುಕೊಟ್ಟ.

ಅವನ ಬೆನ್ನಿಗೇ ಹೆಡ್ ಕ್ಲರ್ಕ್ ಬಂದರು. ನಿವೃತ್ತಿಗೆ ಹತ್ತಿರವಾದ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಮೊನ್ನೆ ತಾನೇ ಮೊಮ್ಮಗಳಿಂದ ಕಂಪ್ಯೂಟರ್ ಕಲಿತ ಉತ್ಸಾಹ. "ನೋಡಯ್ಯಾ, ನಮ್ಮ ಮನೇಲಿ ಕಂಟ್ರೋಲ್ ಸಿ ಒತ್ತಿದ್ರೆ ಚೆಂದಾಗಿ ನಕಲಾಗುತ್ತೆ. ಈ ದರಿದ್ರದ್ರಲ್ಲಿ ಒತ್ತಿದ್ರೆ ಮಾಡ್ತಿದ್ದ ಕೆಲಸಾನೇ ನಿಂತೋಗುತ್ತೆ. ಮೇಡಂಗೆ ಮಾದರಿ ಸಂದೇಶಗಳನ್ನೆಲ್ಲ ಒಂದು ಕಡೆ ಇಳಿಸಿ ಕೊಡ್ಬೇಕು ನಾನು. ಒಂದೊಂದೂ ಕೈಯಲ್ಲಿ ಕುಟ್ಕೊಂಡು ಕೂತ್ಕೊಳ್ಲಾ?"

"ಸಾರ್, ಅದು... ಸಿ ಅಂದ್ರೆ ಇದರಲ್ಲಿ ಬ್ರೇಕ್ ಇದ್ದಂಗೆ. ಏನಾದ್ರೂ ತಪ್ಪಾಗಿ ಓಡ್ತಿದ್ರೆ ನಿಲ್ಸೋಕೆ."

"ಬ್ರೇಕನ್ನ ಬೇರೆ ಕಡೆ ಇಡು. ನಕಲನ್ನ ಸಿ ಮೇಲೆ ಇಡು. ಪ್ರಪಂಚ ಎಲ್ಲ ಹಂಗಿರ್ಬೇಕಾದ್ರೆ ನಿಂದೇನಯ್ಯ ಬೇರೆ ಕಾನೂನು?"

ಮೆಸೇಜಪ್ಪ ಬ್ರೇಕನ್ನು ಕಿತ್ತು ಕೆ ಮೇಲೆ ಇಟ್ಟ. ಸಿ ಒತ್ತಿದರೆ 'ನಕಲಾಯಿತು' ಅಂತ ಪರದೆಯ ಮೇಲೆ ಬರುವ ಹಾಗೆಯೂ ಮಾಡಿಕೊಟ್ಟ. ಹೆಡ್ ಕ್ಲರ್ಕಿಗೆ ಪರಮಾನಂದವಾಯಿತು.

ಕೊನೆಗೆ ಬಂದವಳು ದೂರು ವಿಭಾಗದ ಅಕ್ಕ. ನೀರು ಬರುತ್ತಿಲ್ಲ, ಪೈಪು ಒಡೆದಿದೆ, ಮೀಟರು ತಿರುಗುತ್ತಿಲ್ಲ, ಯಾರು ಏನೇ ಬರೆಯಲಿ, ಅವಳು ಕೊಡುತ್ತಿದ್ದ ಉತ್ತರ ಒಂದೇ: ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು. "ದಿನಾ ಇದನ್ನೇ ಕುಟ್ಟಿ ಕುಟ್ಟಿ ನನ್ನ ಬೆರಳು ಸವೆದೋಯ್ತು ಕಣೋ ತಮ್ಮ. ಒಂದು ಕೀನಲ್ಲಿ ಬರೋ ಹಂಗೆ ಮಾಡು. ಕೆ ನನ್ನ ಬೆರಳಿಗೆ ಹತ್ತಿರ. ಅದೇ ಇರ್ಲಿ."

ಅಷ್ಟು ಹೊತ್ತಿಗೆ ಮೆಸೇಜಪ್ಪನ ತಲೆ ಗಿರ್ರೆನ್ನುತ್ತಿತ್ತು. ಫೈಲಿನ ಕೊನೆಗೆ ಕೆ ಅಂತ ಇನ್ನೊಂದು ಸಾಲು ಸೇರಿಸಿಬಿಟ್ಟ. ಒಂದೇ ಕೀಲಿಗೆ ಎರಡು ಸಾಲಿದ್ದರೆ ಆ ಯಂತ್ರ ಕೆಳಗಿನದನ್ನೇ ನಂಬುತ್ತದೆ. ಅಲ್ಲಿಗೆ ಬ್ರೇಕು ಎಲ್ಲೂ ಇಲ್ಲದಂತಾಯಿತು. ಅದು ಯಾರಿಗೂ ಗೊತ್ತಾಗಲಿಲ್ಲ. ನಿಂತ ಬಂಡಿಗೆ ಬ್ರೇಕಿಲ್ಲ ಅಂತ ಗೊತ್ತಾಗುವುದಾದರೂ ಹೇಗೆ?

ಹೆಡ್ ಕ್ಲರ್ಕ್ ಮೆಸೇಜಪ್ಪನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತರು. ಮಾದರಿ ಸಂದೇಶಗಳನ್ನು ಇಳಿಸುವ ಕೆಲಸ ಕೊನೆಯಿಂದ ಶುರು ಮಾಡಿದರು, ಒಂಬತ್ತನೇ ನಂಬರಿನಿಂದ. ಒಂಬತ್ತು ಅಂದರೆ ಕಚೇರಿಯಲ್ಲಿ ಎಲ್ಲರಿಗೂ ಭಯ. ಅದನ್ನು ಯಾವತ್ತೂ ಯಾರಿಗೂ ಕಳಿಸಿರಲಿಲ್ಲ.

'ತುರ್ತು ಎಚ್ಚರಿಕೆ. ನಿಮ್ಮ ನಲ್ಲಿಯ ನೀರು ಕುಡಿಯಲು ಯೋಗ್ಯವಲ್ಲ. ಮುಂದಿನ ಸೂಚನೆಯವರೆಗೆ ಕುಡಿಯಬೇಡಿ. ಸಂಗ್ರಹಿಸಿದ ನೀರನ್ನೂ ಚೆಲ್ಲಿಬಿಡಿ.'

ಹೆಡ್ ಕ್ಲರ್ಕ್ ಅದನ್ನು ಪರದೆಯ ಮೇಲೆ ತಂದರು. ಕಂಟ್ರೋಲ್ ಸಿ ಒತ್ತಿದರು. ನಕಲಾಯಿತು. "ಭೇಷ್!" ಅಂದರು. ಆಮೇಲೆ ಮೊಮ್ಮಗಳು ಕಲಿಸಿದ ಹಾಗೆಯೇ, ನಕಲು ಮಾಡಿದ್ದನ್ನು ಅಂಟಿಸಲು ಕಂಟ್ರೋಲ್ ವಿ ಒತ್ತಿದರು.

ಪರದೆಯ ಮೇಲೆ ಫೋನ್ ನಂಬರುಗಳು ಓಡತೊಡಗಿದವು. ಒಂದೊಂದರ ಮುಂದೂ 'ತಲುಪಿತು', 'ತಲುಪಿತು'.

"ಇದೇನಯ್ಯಾ, ಅಂಟಿಸು ಅಂದ್ರೆ ಏನೋ ಓಡ್ತಿದೆ?"

ಮೆಸೇಜಪ್ಪ ಬಗ್ಗಿ ನೋಡಿದ. ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಸಾರ್... ಊರಿಗೆಲ್ಲ... ಒಂಬತ್ತು..." ಇಷ್ಟೇ ಹೊರಟಿದ್ದು. ಹಾರಿ ಬಿದ್ದು ಕಂಟ್ರೋಲ್ ಸಿ ಒತ್ತಿದ. 'ನಕಲಾಯಿತು' ಅಂತ ಪರದೆ ವಿನಯದಿಂದ ಹೇಳಿತು. ನಂಬರುಗಳು ಓಡುತ್ತಲೇ ಇದ್ದವು. ಬ್ರೇಕು ಕೆಯಲ್ಲಿದೆ ಅಂತ ನೆನಪಾಗಿ ಕೆ ಒತ್ತಿದ. 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಅಂತ ಬಂತು. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಕ್ರಮ ಕೈಗೊಳ್ಳುವ ಭರವಸೆ ಸಿಕ್ಕಿತು. ಒತ್ತಿದಷ್ಟೂ ಪರದೆಯ ತುಂಬ ಭರವಸೆಗಳೇ ತುಂಬಿಕೊಂಡವು. ಅವುಗಳ ನಡುವೆ ಊರಿನ ಬೀದಿ ಬೀದಿಯೂ 'ತಲುಪಿತು', 'ತಲುಪಿತು'.

"ಸರಿ ಸರಿ, ನಾನು ನೋಡ್ತೀನಿ" ಅಂತ ಸ್ಟೋರ್ ಕೀಪರ್ ನುಗ್ಗಿ ಬಂದು ತನಗೆ ಗೊತ್ತಿದ್ದ ಒಂದೇ ಕೀಲಿ ಒತ್ತಿದ. ಪರದೆ ಖಾಲಿಯಾಯಿತು.

"ನಿಂತೋಯ್ತು!" ಅಂದಳು ಅಕ್ಕ.

"ನಿಂತಿಲ್ಲ ಅಕ್ಕಾ" ಅಂದ ಮೆಸೇಜಪ್ಪ. ಅಳು ಬರುತ್ತಿತ್ತು. "ಕಾಣ್ತಿಲ್ಲ, ಅಷ್ಟೇ."

ಕಾಣುವ ಹೆದರಿಕೆಗಿಂತ ಕಾಣದ ಹೆದರಿಕೆ ದೊಡ್ಡದು. ಆ ಖಾಲಿ ಪರದೆಯ ಹಿಂದೆ ಊರಿನ ಎಷ್ಟು ಮನೆಗಳಿಗೆ ಬೆಂಕಿಯಂಥ ಸುದ್ದಿ ಹೋಗುತ್ತಿದೆಯೋ ಅಂತ ನೆನೆದು ಅವನು ಮೇಜಿನ ಕೆಳಗೆ ತೂರಿದ. ಕೈಗೆ ಸಿಕ್ಕ ವೈರು ಎಳೆದ. ಫ್ಯಾನು ನಿಂತಿತು. ಇನ್ನೊಂದು ಎಳೆದ. ಹೆಡ್ ಕ್ಲರ್ಕರ ಚಾರ್ಜಿಗೆ ಹಾಕಿದ್ದ ಫೋನು ಅವನ ಬೆನ್ನ ಮೇಲೆ ಬಿತ್ತು. ಮೂರನೆಯದನ್ನು ಎಳೆದ. ಮೂಲೆಯ ಬ್ಯಾಟರಿ ಪೆಟ್ಟಿಗೆ ಕುಯ್ ಕುಯ್ ಅನ್ನತೊಡಗಿತು. ಕರೆಂಟು ಹೋದರೂ ಸಂದೇಶ ನಿಲ್ಲಬಾರದು ಅಂತ ಕಚೇರಿ ಪ್ರೀತಿಯಿಂದ ಕೊಡಿಸಿದ್ದ ಪೆಟ್ಟಿಗೆ ಅದು. ಕಂಪ್ಯೂಟರ್ ಅದರ ಬಲದಿಂದ ಆರಾಮಾಗಿ ಓಡುತ್ತಿತ್ತು. ಅವನು ಮೇಜಿನ ಕೆಳಗಿನಿಂದ ಹೊರಗೆ ಬರುವ ಹೊತ್ತಿಗೆ ಖಾಲಿ ಪರದೆಯ ಮೇಲೆ ಒಂದೇ ಸಾಲು ಮೂಡಿತ್ತು: ಎಲ್ಲರಿಗೂ ತಲುಪಿದೆ.

ಪೆಟ್ಟಿಗೆ ಇನ್ನೂ ಕುಯ್‌ಗುಡುತ್ತಿತ್ತು.

ಮೊದಲು ಚೇತರಿಸಿಕೊಂಡವರು ಹೆಡ್ ಕ್ಲರ್ಕ್. ಅವರು ಕುರ್ಚಿಯಿಂದ ಎದ್ದು, ಅದನ್ನು ಮೆಸೇಜಪ್ಪನ ಕಡೆ ತಳ್ಳಿದರು. "ನಾನು ಒತ್ತಿದ್ದು ಬರೀ ವಿ ಕಣಯ್ಯಾ. ಇಡೀ ಲೋಕಕ್ಕೆ ಅದು ಅಂಟಿಸೋ ಕೀ. ಅದಕ್ಕೆ ಇಡೀ ಊರನ್ನ ಕಟ್ಟಿಟ್ಟವನು ನೀನು."

"ಈಗ ಏನು ಸಾರ್ ಮಾಡೋದು? ನೀರು ಚೆನ್ನಾಗಿದೆ ಅಂತ ಇನ್ನೊಂದು ಕಳಿಸ್ಲಾ?"

"ಕಳಿಸು ಕಳಿಸು" ಅಂದಳು ಅಕ್ಕ.

"ಕಳಿಸ್ಬೇಡ" ಅಂದ ಸ್ಟೋರ್ ಕೀಪರ್. "ನೀರು ಚೆನ್ನಾಗಿದೆ ಅಂತ ಯಾರಾದ್ರೂ ಸುಮ್ಮಸುಮ್ನೆ ಹೇಳ್ತಾರಾ? ಏನೋ ಮುಚ್ಚಿಡ್ತಿದಾರೆ ಅಂತ ಜನ ಬಾವಿಗೆ ಬೀಳ್ತಾರೆ."

"ಮಾದರಿಯಲ್ಲಿ ಇಲ್ಲದ ಸಂದೇಶ ಕಳಿಸ್ಬೇಕಾದ್ರೆ ಮೇಡಂ ಒಪ್ಪಿಗೆ ಬೇಕು" ಅಂದರು ಹೆಡ್ ಕ್ಲರ್ಕ್.

"ಹಂಗಾದ್ರೆ ಮೇಡಂಗೇ ಫೋನ್ ಮಾಡಿ ಹೇಳಿಬಿಡ್ತೀನಿ ಸಾರ್."

"ಹೇಳು. ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೋ. ಖಾಯಂ ಆಗೋದಿರ್ಲಿ, ಜೈಲಿಗೆ ಹೋಗ್ತೀಯ. ಯಾರಾದ್ರೂ ಕೇಳೋವರ್ಗೂ ಸುಮ್ನಿರು."

ಮೆಸೇಜಪ್ಪ ಸುಮ್ಮನೆ ಕೂತ. ಆದರೆ ಮನಸ್ಸು ಕೂರಬೇಕಲ್ಲ. ಎಲ್ಲೋ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ನೀರು ನೀರು ಅನ್ನುತ್ತಿದ್ದಾಳೆ, ಮಗ ಕೊಡುತ್ತಿಲ್ಲ. ಎಲ್ಲೋ ಒಬ್ಬ ತಾಯಿ ಮಗುವಿನ ಬಾಯಿಂದ ಲೋಟ ಕಿತ್ತುಕೊಂಡಳು. ಆಸ್ಪತ್ರೆಯಲ್ಲಿ ನೂಕುನುಗ್ಗಲು. ಬೆಳಿಗ್ಗೆ ನೀರು ಕುಡಿದವರಿಗೆಲ್ಲ ಬರೀ ಭಯಕ್ಕೇ ಹೊಟ್ಟೆನೋವು ಶುರುವಾಗಿದೆ. ಆಮೇಲೆ ಎಲ್ಲರೂ ಖಾಲಿ ಕೊಡ ಹಿಡಿದು ಇತ್ತ ಕಡೆಗೇ ಹೊರಟಿದ್ದಾರೆ. ನಿಜವಾಗಿಯೂ ಅವನಿಗೆ ಜನರ ಮೇಲೆ ಮರುಕ ಬಂತು. ಕೂಡಲೇ ತನ್ನ ಮೇಲೆ ಅದಕ್ಕಿಂತ ಹೆಚ್ಚು ಮರುಕ ಬಂತು.

ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ಎಲ್ಲರೂ ಅವನನ್ನೇ ನೋಡಿದರು.

"ಹ... ಹಲೋ. ನೀರು ಚೆನ್ನಾಗಿದೆ ಸಾರ್, ಕುಡೀರಿ ಸಾರ್. ಏನೂ ಆಗಲ್ಲ."

"ನೀರಾ? ಚಪ್ಪಲಿ ಅಂಗಡಿ ಅಲ್ವೇನ್ರೀ ಇದು?" ಅಂತು ಆಚೆಯ ದನಿ.

ಇನ್ನೊಂದು ಸಲ ರಿಂಗಾದಾಗ ಅವನು ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳನ ಹಾಗೆ ಬೆದರಿದ್ದ. ಆ ಕಡೆಯವರು ಮೀಟರ್ ಓದುವವನು ನಾಯಿಗೆ ಕಲ್ಲು ಹೊಡೆದ ಅಂತ ದೂರು ಹೇಳಲು ಫೋನು ಮಾಡಿದ್ದರು. ಅದಾದ ಮೇಲೆ ಫೋನು ಸುಮ್ಮನಾಯಿತು. ಈ ಸುಮ್ಮನಿರುವಿಕೆ ಮೆಸೇಜಪ್ಪನಿಗೆ ಇನ್ನೂ ಭಯಂಕರವಾಗಿ ಕಂಡಿತು. ಫೋನು ಮಾಡುವ ತಾಳ್ಮೆಯೂ ಉಳಿಯದೆ ಜನ ನೇರವಾಗಿ ದೊಣ್ಣೆ ಹಿಡಿದೇ ಬರುತ್ತಿದ್ದಾರೆ ಅಂತ ಅವನು ಅರ್ಥ ಮಾಡಿಕೊಂಡ.

ತಡೆಯಲಾರದೆ ಹಿಂಬಾಗಿಲಿನಿಂದ ಬೀದಿಗೆ ಇಳಿದ. ಬೀದಿ ತನ್ನ ಪಾಡಿಗೆ ತಾನಿತ್ತು. ಮೂಲೆಯ ನಲ್ಲಿಗೆ ಬಾಯಿ ಹಚ್ಚಿ ಒಬ್ಬ ಗಟಗಟ ಕುಡಿಯುತ್ತಿದ್ದ. ಒಬ್ಬಳು ಬಾಟಲಿ ತುಂಬಿಸಿಕೊಂಡು ಹೋದಳು. ಎಚ್ಚರಿಕೆಯ ಸುದ್ದಿ ಬಂದ ಮೇಲೂ ಕುಡಿಯಬೇಕಾದರೆ ಪಾಪ ಇವರಿಗೆ ಬದುಕಿನ ಮೇಲೆ ಎಷ್ಟು ಜುಗುಪ್ಸೆ ಬಂದಿರಬೇಕು ಅಂತ ಮೆಸೇಜಪ್ಪನಿಗೆ ಕಣ್ಣು ಒದ್ದೆಯಾಯಿತು. ಬಾಯಿ ಒಣಗಿ ಹೋಗಿತ್ತು. ತಾನೂ ನಲ್ಲಿಗೆ ಬಾಯಿಟ್ಟ. ನೀರು ಚೆನ್ನಾಗಿದೆ ಅಂತ ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಆದರೂ ಮೊದಲ ಗುಟುಕನ್ನು ಉಗಿದುಬಿಟ್ಟ. ತನ್ನ ಸಂದೇಶವನ್ನು ತಾನೇ ನಂಬುವಷ್ಟು ಹೆದರಿದ್ದ.

ವಾಪಸು ಬಂದವನೇ ಫೈಲು ತೆರೆದು ವಿ, ಸಿ, ಕೆ ಎಲ್ಲದರ ಸಾಲುಗಳನ್ನೂ ಅಳಿಸಿ, ಬ್ರೇಕನ್ನು ಅದರ ಹಳೇ ಜಾಗದಲ್ಲೇ ಇಟ್ಟ. ಮೇಲ್ಬಾಣ ಒಂದನ್ನು ಮಾತ್ರ ಉಳಿಸಿದ. ಕಳ್ಳ ಊರು ಬಿಟ್ಟ ಮೇಲೆ ಬೀಗ ಹಾಕಿದ ಹಾಗಾಯಿತು. ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು.

ದೊಡ್ಡ ಮೇಡಂ ಬಂದರು. ಗಟ್ಟಿ ಹೆಜ್ಜೆ, ಕಮ್ಮಿ ಮಾತು. ಹೆಡ್ ಕ್ಲರ್ಕರ ಕೋಣೆಯಲ್ಲಿ ಕೂತು, ಮುಂದಿದ್ದ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದರು. ಬಾಗಿಲ ಬಳಿ ನಿಂತಿದ್ದ ಮೆಸೇಜಪ್ಪ ಕಣ್ಣು ಮುಚ್ಚಿಕೊಂಡ. ಸಂದೇಶದ ಪಟ್ಟಿಯಲ್ಲಿ ಮೇಡಂ ಅವರ ನಂಬರೂ ಇತ್ತು.

"ಮೆಸೇಜ್ ನೋಡ್ಕೊಳ್ಳೋರು ಯಾರು?"

ಹೆಂಡತಿ ಹೇಳಿದ ಬುದ್ಧಿಮಾತು ಗಾಳಿಗೆ ಹೋಯಿತು. "ನಾನೇ ಮೇಡಂ! ತಪ್ಪಾಯ್ತು ಮೇಡಂ! ಬಾಣ ಕೆಟ್ಟಿತ್ತು ಮೇಡಂ, ಸರಿ ಮಾಡಿದೆ. ಸುಮ್ನಿರ್ದೆ ವಿ ಮಾಡಿದೆ. ಬ್ರೇಕ್ ಎಲ್ಲಿಟ್ಟೆ ಅಂತ ಗೊತ್ತಾಗ್ಲಿಲ್ಲ ಮೇಡಂ. ನೀರು ಚೆನ್ನಾಗಿದೆ. ಊರಿನ ಜನರ ಪ್ರಾಣ..."

ಹೆಡ್ ಕ್ಲರ್ಕ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನೋಡುತ್ತಿದ್ದರು.

"ಗೊತ್ತು" ಅಂದರು ಮೇಡಂ. "ಒಂಬತ್ತು ಹೊರಟ ತಕ್ಷಣ ನಮ್ಮ ಆಫೀಸಲ್ಲಿ ಗಂಟೆ ಹೊಡ್ಕೊಳ್ಳುತ್ತೆ. ಪಂಪ್ ಮನೆಗೆ ಫೋನ್ ಮಾಡಿದೆ. ನೀರು ಸರಿ ಇದೆ, ಯಾರೋ ಕೈತಪ್ಪಿ ಕಳಿಸಿದಾರೆ ಅಂತ ಗೊತ್ತಾಯ್ತು. ಸರಿ, ಇನ್ನು ಊರು ಹತ್ಕೊಂಡು ಉರಿಯುತ್ತೆ ಅಂತ ಪೊಲೀಸ್ ಸ್ಟೇಷನ್‌ಗೆ ಹೇಳ್ದೆ, ಆಸ್ಪತ್ರೆಗೆ ಹೇಳ್ದೆ, ಟ್ಯಾಂಕರ್ ರೆಡಿ ಮಾಡಿಸ್ದೆ. ಫೋನ್ ಮುಂದೆ ಇಟ್ಕೊಂಡು ಕೂತೆ."

"ಮೇಡಂ..."

"ಒಂದೂ ಕರೆ ಬರ್ಲಿಲ್ಲ."

ಮೆಸೇಜಪ್ಪನಿಗೆ ಅರ್ಥವಾಗಲಿಲ್ಲ.

"ಆಸ್ಪತ್ರೆಗೆ ಒಬ್ಬನೂ ಹೋಗಿಲ್ಲ. ಪೊಲೀಸಿಗೆ ಒಂದೂ ದೂರಿಲ್ಲ. ಬರ್ತಾ ದಾರೀಲಿ ಜೀಪ್ ನಿಲ್ಲಿಸಿ ನಾನೇ ಹತ್ತಾರು ಜನರನ್ನ ಕೇಳಿದೆ. ನೀರಿನ ಆಫೀಸಿನ ನಂಬರಾ, ಅದನ್ನ ಯಾವತ್ತೋ ಬ್ಲಾಕ್ ಮಾಡಿ ಮುಚ್ಚಿ ಹಾಕಿದೀವಿ ಅಂದ್ರು. ದಿನಾ ಹನಿ ಹನಿ ಉಳಿಸಿ, ಹನಿ ಹನಿ ಉಳಿಸಿ ಅಂತ ತಲೆ ತಿಂತಾರೆ ಅಂದ್ರು. ನಮ್ಮ ಮನೇಲಿ ಕೇಳಿದೆ. ನಮ್ಮ ಯಜಮಾನ್ರು ಆಗ ತಾನೇ ಎರಡು ಲೋಟ ಕುಡಿದಿದ್ರು. ನನ್ನ ಫೋನಲ್ಲೂ ನೋಡಿದೆ. ಯಾವಾಗಲೋ ನಾನೇ ಮುಚ್ಚಿ ಹಾಕಿದೀನಿ."

ಬೀಸಿ ಬಂದ ದೊಣ್ಣೆ ಕೂದಲೆಳೆಯಲ್ಲಿ ತಪ್ಪಿತ್ತು. ಮೆಸೇಜಪ್ಪನ ಉಸಿರು ಒಳಗಿನಿಂದ ಉಕ್ಕಿ ಬಂತು. ಮುದುಕಿ ನೀರು ಕುಡಿದಿದ್ದಾಳೆ. ಮಗು ಕುಡಿದಿದೆ. ಯಾರಿಗೂ ಏನೂ ಆಗಿಲ್ಲ. ಅವನಿಗೆ ಮೇಡಂ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಹೆಡ್ ಕ್ಲರ್ಕ್ ಕಿಟಕಿಯಿಂದ ಈಚೆ ತಿರುಗಿ, "ನಮ್ಮ ಹುಡುಗ ಬಹಳ ನಿಷ್ಠಾವಂತ ಮೇಡಂ. ಒಂದು ದಿನಾನೂ ತಪ್ಪಿಸದೆ ಮೆಸೇಜ್ ಕಳಿಸ್ತಾನೆ" ಅಂತ ಮಾತು ಸೇರಿಸಿದರು.

"ಅದೇ ನಾನೂ ಹೇಳ್ತಿರೋದು. ಅದಕ್ಕೇ ಯಾರೂ ಓದಲ್ಲ" ಅಂದರು ಮೇಡಂ. "ನೀನೇನೂ ಹೆದರ್ಬೇಡಪ್ಪ. ನಿನ್ನ ಮೇಲೆ ಕ್ರಮ ಏನಿಲ್ಲ. ನಿಜ ಹೇಳ್ಬೇಕಂದ್ರೆ ಇಷ್ಟು ವರ್ಷದಲ್ಲಿ ಈ ವಿಭಾಗಾನ ಸರಿಯಾಗಿ ಪರೀಕ್ಷೆ ಮಾಡಿದ್ದು ನೀನೊಬ್ಬನೇ. ವಿಷ ಅಂದ್ರೂ ಊರು ಕಣ್ಣೆತ್ತಿ ನೋಡಲ್ಲ ಅಂದ್ಮೇಲೆ ಇದನ್ನ ಯಾಕೆ ಇಟ್ಕೋಬೇಕು? ಇವತ್ತಿಗೆ ಮುಚ್ಚಿಬಿಡೋಣ."

ಮೆಸೇಜಪ್ಪನಿಗೆ ಈ ಮಾತು ಕಿವಿಗೆ ಬಿದ್ದು, ತಲೆಗೆ ಹೋಗಿ, ಅಲ್ಲಿಂದ ಹೊಟ್ಟೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮುಚ್ಚುವುದು ಅಂದರೆ ಮೆಟ್ಟಿಲಿನ ಕೆಳಗಿನ ಗೂಡು. ಗೂಡು ಅಂದರೆ ತಾನು. ಬೆಳಿಗ್ಗೆಯಿಂದ ಯಾರೂ ಓದದಿರಲಿ ದೇವರೇ ಅಂತ ಬೇಡಿಕೊಂಡಿದ್ದವನು ಈಗ ಒಬ್ಬರಾದರೂ ಓದಿರಲಿ ದೇವರೇ ಅಂತ ಬೇಡತೊಡಗಿದ.

"ಮೇಡಂ, ಯಾರೋ ಒಬ್ಬರು ಓದಿರ್ತಾರೆ ಮೇಡಂ. ಯಾವುದೋ ಒಂದು ಮನೇಲಿ ನೀರು ಚೆಲ್ಲಿರ್ತಾರೆ."

"ಒಬ್ಬರನ್ನ ತೋರಿಸು" ಅಂದರು ಮೇಡಂ. "ನೀರು ಚೆಲ್ಲಿದ ಒಂದೇ ಒಂದು ಮನೆ ತೋರಿಸು. ಮುಚ್ಚೋದಿಲ್ಲ. ನಿನ್ನನ್ನ ಖಾಯಂ ಮಾಡೇ ಹೋಗ್ತೀನಿ."

ಆಗ ಮೇಜಿನ ಮೇಲಿನ ಫೋನು ರಿಂಗಾಯಿತು. ಮೇಡಂ ತಾವೇ ಎತ್ತಿ, ಎಲ್ಲರಿಗೂ ಕೇಳಿಸಲಿ ಅಂತ ಸ್ಪೀಕರ್ ಒತ್ತಿದರು.

"ಹಲೋ, ನೀರಿನ ಆಫೀಸಾ? ಬೆಳಿಗ್ಗೆ ನಿಮ್ಮ ಮೆಸೇಜ್ ಬಂತಲ್ರೀ, ನೀರು ಕುಡೀಬೇಡಿ, ಇರೋದನ್ನೂ ಚೆಲ್ಲಿ ಅಂತ. ತೊಟ್ಟಿ, ಡ್ರಮ್ಮು, ಕೊಡ, ಕೊನೆಗೆ ದೇವರ ಮುಂದಿನ ತಂಬಿಗೇನೂ ಬಿಡದೆ ಚೆಲ್ಲಿದೀನಿ. ನಲ್ಲೀಲಿ ನೀರು ಬರೋದು ನಾಳಿದ್ದು. ಒಂದು ತೊಟ್ಟು ನೀರಿಲ್ಲ ಮನೇಲಿ. ಮುಂದಿನ ಸೂಚನೆ ಯಾವಾಗ ಕಳಿಸ್ತೀರಾ?"

ಅಕ್ಕ ಬಾಗಿಲಾಚೆಯಿಂದ ಚಪ್ಪಾಳೆ ತಟ್ಟಿದಳು. ಹೆಡ್ ಕ್ಲರ್ಕ್ ನಕ್ಕರು. ಮೇಡಂ ಹುಬ್ಬೇರಿಸಿ, ಪರವಾಗಿಲ್ಲವೇ ಅನ್ನುವ ಹಾಗೆ ಮೆಸೇಜಪ್ಪನನ್ನು ನೋಡಿದರು. ಮೆಸೇಜಪ್ಪ ಒಬ್ಬನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವನು ಮೇಡಂ ಫೋನನ್ನು ಇಟ್ಟುಬಿಡಲಿ ಅಂತ ಕೈ ಮುಗಿದು ನಿಂತಿದ್ದ.

"ಬಹಳ ಸಂತೋಷ ಅಮ್ಮ" ಅಂದರು ಮೇಡಂ. "ನಿಮ್ಮಂಥವರು ಇದ್ರೆ ನಮಗೂ ಕೆಲಸ ಮಾಡೋಕೆ ಹುರುಪು. ಇಷ್ಟು ಜನರಲ್ಲಿ ನೀವೊಬ್ಬರು ಓದಿದೀರಲ್ಲ!"

"ಓದ್ದೆ ಇರ್ತೀನಾ? ಅಕ್ಕಪಕ್ಕದವರೆಲ್ಲ ನಗ್ತಿದಾರೆ, ಅವರ ಮೆಸೇಜ್ ಯಾರ್ರೀ ಓದ್ತಾರೆ ಅಂತ. ನಾನು ದಿನಾ ಓದ್ತೀನಿ. ಒಂದೂ ಅಳಿಸಿಲ್ಲ." ದನಿ ಸ್ವಲ್ಪ ನಾಚಿತು. "ನಮ್ಮನೆಯವರೇ ಅಲ್ಲಿ ಕೂತು ಕಳಿಸೋದಲ್ವಾ. ಅವರು ಅಲ್ಲೇ ಇದ್ರೆ ಸ್ವಲ್ಪ ಹೇಳ್ತೀರಾ? ಬರ್ತಾ ಎರಡು ಕ್ಯಾನ್ ನೀರು ತರ್ಬೇಕಂತೆ ಅಂತ."

ಮೇಡಂ ನಿಧಾನವಾಗಿ ಫೋನು ಇಟ್ಟರು. ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿ, "ಕೇಳಿಸ್ತಲ್ಲ?" ಅಂದರು. ದನಿಯಲ್ಲಿ ಕೋಪವಿರಲಿಲ್ಲ. "ಒಳ್ಳೆ ಹೆಣ್ಣುಮಗಳು. ಆದ್ರೆ ಮನೆಯವರನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲಪ್ಪ."

ಸಂಜೆ ಮೆಸೇಜಪ್ಪ ಕಚೇರಿಯ ಹಿಂದಿನ ನಲ್ಲಿಯಲ್ಲಿ ಎರಡು ಕ್ಯಾನು ತುಂಬಿಸಿ, ಎರಡು ಕೈಯಲ್ಲೂ ಹಿಡಿದು, ವಾಲುತ್ತ ಮನೆ ಕಡೆ ನಡೆದ. ಹೆಂಡತಿಗೆ ಏನು ಹೇಳುವುದು ಅಂತ ದಾರಿಯುದ್ದಕ್ಕೂ ಸಾಲು ಜೋಡಿಸಿಕೊಂಡ. ಒಂದೂ ಸರಿಹೋಗಲಿಲ್ಲ. ಮನೆಯ ತಿರುವಿನಲ್ಲಿ ಎದುರುಮನೆಯವನು ಗಿಡಗಳಿಗೆ ತನ್ನ ಟ್ಯಾಂಕಿನ ಪೈಪು ಹಿಡಿದು ಧಾರಾಳವಾಗಿ ನೀರು ಬಿಡುತ್ತ ನಿಂತಿದ್ದ.

"ಏನ್ರೀ ಇದು, ನೀರಿನ ಆಫೀಸಿನವರ ಮನೇಲೇ ನೀರಿಲ್ವಾ?"

ಮೆಸೇಜಪ್ಪ ಕ್ಯಾನುಗಳನ್ನು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ. ಇಡೀ ದಿನದ ಹೆದರಿಕೆ ಕಳೆದು ಹೋಗಿ, ಮೊದಲ ಬಾರಿಗೆ ಅವನಿಗೆ ಸಿಟ್ಟು ಬಂದಿತ್ತು.

"ಬೆಳಿಗ್ಗೆ ಮೆಸೇಜ್ ಕಳಿಸಿದ್ನಲ್ರೀ. ನೋಡ್ಲಿಲ್ವಾ?"

"ಯಾವ ಮೆಸೇಜು?" ಅಂದ ಎದುರುಮನೆಯವನು.